ಅರೆವಾಹಕೋದ್ಯಮದಲ್ಲಿ ಬೌದ್ಧಿಕ ಸ್ವತ್ತಿನ ರಕ್ಷಣೆ: ಹೊರಗಿನವರ ಕೈಗೆ ಕೊಟ್ಟ ಪ್ರತಿಯ ಪ್ರಶ್ನೆ

೧. ಪೀಠಿಕೆ

ಇತಿಹಾಸದ ಅಧ್ಯಾಪಕನೊಬ್ಬನು ಅರೆವಾಹಕ ಚಿಪ್ಪುಗಳ ವಿಷಯವಾಗಿ ಬರೆಯಹೊರಡುವುದು, ತನ್ನ ಹೊಲವನ್ನು ಬಿಟ್ಟು ನೆರೆಯವರ ಹೊಲದಲ್ಲಿ ನೇಗಿಲು ಹೂಡಿದಂತೆ ಕಾಣಬಹುದು. ಆದರೆ ಈ ಉದ್ಯಮವನ್ನು ಇಂದು ಕಾಡುತ್ತಿರುವ ಪ್ರಶ್ನೆಗಳಲ್ಲಿ ಒಂದು ಬಹು ಹಳೆಯದು. ಬೆಲೆಯುಳ್ಳ ಬರಹವೊಂದನ್ನು ಕಾರ್ಯಾರ್ಥವಾಗಿ ಪರರ ಕೈಗೆ ಕೊಡಲೇಬೇಕಾಗಿ ಬಂದಾಗ, ಅದು ಒಡೆಯನ ಹತೋಟಿಯನ್ನು ಮೀರಿ ಹೋಗದಂತೆ ಕಾಪಾಡಿಕೊಳ್ಳುವುದು ಹೇಗೆ ಎಂಬುದೇ ಆ ಪ್ರಶ್ನೆ. ಚಿಪ್ಪುಗಳನ್ನು ರೂಪಿಸುವ ಸಂಸ್ಥೆಗಳು ತಮ್ಮ ವಿನ್ಯಾಸದ ಕಡತಗಳನ್ನು ಹೊರಗಿನ ಪಾಲುದಾರರೊಡನೆ ಹಂಚಿಕೊಳ್ಳುವಾಗ ಈ ಪ್ರಶ್ನೆ ಪ್ರತಿದಿನವೂ ಏಳುತ್ತದೆ.

ಇದು ದೂರದ ಮಾತೂ ಅಲ್ಲ. ನಮ್ಮ ಹಾಸನ ಜಿಲ್ಲೆಯಿಂದ ಎಷ್ಟೋ ಮಂದಿ ತರುಣ ತರುಣಿಯರು ಬೆಂಗಳೂರಿನ ವಿನ್ಯಾಸ ಸಂಸ್ಥೆಗಳನ್ನು ಸೇರುತ್ತಿದ್ದಾರೆ. ಹಾಗೆ ಸೇರಿದ ನೆರೆಮನೆಯ ಹುಡುಗನೊಬ್ಬನು ಹಬ್ಬಕ್ಕೆಂದು ಚನ್ನರಾಯಪಟ್ಟಣಕ್ಕೆ ಬಂದಿದ್ದಾಗ, ಮೊದಲ ದಿನವೇ ತಾನು ರಹಸ್ಯಪಾಲನೆಯ ಒಪ್ಪಂದವೊಂದಕ್ಕೆ ರುಜು ಹಾಕಿದ ಸಂಗತಿಯನ್ನು ತಿಳಿಸಿದನು. ಅದರಲ್ಲಿ ಏನಿತ್ತೆಂದು ಕೇಳಿದೆ. "ತುಂಬ ಪುಟ ಇತ್ತು ಸಾರ್, ಓದಲಿಲ್ಲ. ಎಲ್ಲರೂ ರುಜು ಹಾಕ್ತಿದ್ದರು, ನಾನೂ ಹಾಕಿದೆ" ಎಂದನು. ಆ ಪುಟಗಳ ಹಿಂದಿರುವ ವಿಚಾರವನ್ನು ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿಯಾಗಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಮೊದಲು ನಮ್ಮ ನಾಡಿನ ಇತಿಹಾಸದಿಂದಲೇ ಒಂದು ನಿದರ್ಶನವನ್ನು ತೆಗೆದುಕೊಂಡು, ಅನಂತರ ಮುಖ್ಯ ವಿಷಯಕ್ಕೆ ಬರುತ್ತೇನೆ.

೨. ಮೂಡುಬಿದಿರೆಯ ತಾಳೆಗರಿಗಳು

ಜೈನಾಗಮಗಳಲ್ಲಿ ಅಗ್ರಗಣ್ಯವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ 'ಧವಲಾ' ಎಂಬ ಮಹಾವ್ಯಾಖ್ಯಾನವೂ, ಅದರ ಜೊತೆಯ 'ಜಯಧವಲಾ' ಮೊದಲಾದ ಗ್ರಂಥಗಳೂ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಗಳ ರೂಪದಲ್ಲಿ, ಹಳಗನ್ನಡ ಲಿಪಿಯಲ್ಲಿ ಉಳಿದುಬಂದಿದ್ದವು. ಶತಮಾನಗಳ ಕಾಲ ಅವು ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಅಧ್ಯಯನಕ್ಕೆ ದೊರೆಯುತ್ತಿರಲಿಲ್ಲ. ಗರಿಗಳು ಶಿಥಿಲವಾಗುತ್ತಿದ್ದುದನ್ನು ಕಂಡು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿಯನ್ನು ಮಾಡಿಸುವ ಪ್ರಯತ್ನ ಆರಂಭವಾಯಿತು. ಹಳೆಯ ಲಿಪಿಯನ್ನು ಓದಬಲ್ಲ ವಿದ್ವಾಂಸರು ವಿರಳವಾಗಿದ್ದುದರಿಂದ ನಮ್ಮ ತಾಲ್ಲೂಕಿನ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಈ ಕಾರ್ಯಕ್ಕೆ ಕರೆಸಿಕೊಳ್ಳಲಾಯಿತು. ಪ್ರತಿಯು ಮೂಡುಬಿದಿರೆಯಲ್ಲಿಯೇ ಇರತಕ್ಕದ್ದು, ಹೊರಗೆ ಹೋಗತಕ್ಕದ್ದಲ್ಲ ಎಂಬುದು ಗ್ರಂಥಗಳನ್ನು ಕಾಪಾಡಿಕೊಂಡು ಬಂದವರ ಅಭಿಪ್ರಾಯವಾಗಿತ್ತು.

ಕೆಲಸ ವರ್ಷಗಟ್ಟಲೆ ನಡೆಯಿತು. ಈ ನಡುವೆ ಬ್ರಹ್ಮಸೂರಿ ಶಾಸ್ತ್ರಿಗಳ ಜೊತೆಗೆ ನೇಮಕಗೊಂಡಿದ್ದ ಇನ್ನೊಬ್ಬ ಲಿಪಿಕಾರರು, ಹಗಲು ಮಾಡಿದ ಪ್ರತಿಯ ಆಧಾರದಿಂದ ಯಾರಿಗೂ ತಿಳಿಯದಂತೆ ತಮಗಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಅದು ಉತ್ತರ ಭಾರತದ ಸಹಾರನಪುರವನ್ನು ಸೇರಿತು. ಅಲ್ಲಿ ಅದನ್ನು ನಾಗರಿಗೆ ಲಿಪ್ಯಂತರ ಮಾಡಲು ಬಂದವರೂ ತಮಗಾಗಿ ಒಂದು ಪ್ರತಿಯನ್ನು ಇರಿಸಿಕೊಂಡರು. ಆ ಪ್ರತಿಯಿಂದ ಹಲವು ಪ್ರತಿಗಳು ಹುಟ್ಟಿದವು. ಇವುಗಳ ಆಧಾರದ ಮೇಲೆ ವಿದ್ವಾಂಸರಾದ ಹೀರಾಲಾಲ ಜೈನರು ೧೯೩೯ರಲ್ಲಿ ಧವಲೆಯ ಮೊದಲ ಸಂಪುಟವನ್ನು ಸಂಪಾದಿಸಿ ಹೊರತಂದರು. ಮುಂದಿನ ಸುಮಾರು ಎರಡು ದಶಕಗಳಲ್ಲಿ ಹದಿನಾರು ಸಂಪುಟಗಳು ಪೂರ್ಣಗೊಂಡವು.

ಈ ವೃತ್ತಾಂತದಲ್ಲಿ ನಾವು ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದಾಗಿ, ಗುಟ್ಟು ಹೊರಬಿದ್ದದ್ದು ಬಸದಿಯ ಪೆಟ್ಟಿಗೆಯ ಬೀಗ ಮುರಿದುದರಿಂದಲ್ಲ. ಕೆಲಸಕ್ಕಾಗಿ ನಂಬಿ ಕೊಟ್ಟ ಕೈಯಿಂದ. ಒಮ್ಮೆ ಸೋರಿದ ಬಳಿಕ ಎರಡನೆಯ ಸೋರಿಕೆಯೂ ಅಂಥದೇ ಕೈಯಿಂದಲೇ ಆಯಿತು. ಎರಡನೆಯದಾಗಿ, ಮಾತು ತಪ್ಪಿದ ಆ ಪ್ರತಿಯಿಂದಲೇ ಲೋಕಕ್ಕೆ ಒಂದು ಮಹಾಗ್ರಂಥ ದೊರೆಯಿತು. ಮೊದಲನೆಯ ಅಂಶ ರಕ್ಷಣೆಯ ವಿಧಾನಕ್ಕೆ ಸಂಬಂಧಿಸಿದುದು. ಎರಡನೆಯದು ರಕ್ಷಣೆಯ ಮಿತಿಗೆ ಸಂಬಂಧಿಸಿದುದು. ಚಿಪ್ಪುಗಳ ವಿಷಯದಲ್ಲಿಯೂ ಇವೆರಡೂ ನಮಗೆ ಬೇಕಾಗುತ್ತವೆ.

೩. ಕಡತ ಏಕೆ ಹೊರಗೆ ಹೋಗಬೇಕು

ಟ್ರಾನ್ಸಿಸ್ಟರ್ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೪೭ರ ಡಿಸೆಂಬರಿನಲ್ಲಿ ಆವಿಷ್ಕಾರವಾಯಿತು. ಆ ಸಂಸ್ಥೆ ೧೯೫೨ರಲ್ಲಿ ಅದರ ತಯಾರಿಕೆಯ ವಿದ್ಯೆಯನ್ನು, ೨೫,೦೦೦ ಡಾಲರುಗಳನ್ನು ಮುಂಗಡವಾಗಿ ಕೊಟ್ಟ ಅನ್ಯ ಸಂಸ್ಥೆಗಳಿಗೆ ಪರವಾನಗಿಯ ಮೇಲೆ ಕಲಿಸಿಕೊಟ್ಟಿತು. ಹೀಗೆ ಈ ಉದ್ಯಮ ತನ್ನ ಬಾಲ್ಯದಿಂದಲೂ ಹಂಚಿಕೆಯನ್ನು ಅವಲಂಬಿಸಿ ಬೆಳೆದದ್ದು. ಆದರೂ ಬಹುಕಾಲ ಒಂದು ಚಿಪ್ಪನ್ನು ರೂಪಿಸುವುದು, ತಯಾರಿಸುವುದು, ಪರೀಕ್ಷಿಸುವುದು ಇವೆಲ್ಲವೂ ಸಾಮಾನ್ಯವಾಗಿ ಒಂದೇ ಸಂಸ್ಥೆಯ ಸೂರಿನಡಿಯಲ್ಲಿ ನಡೆಯುತ್ತಿದ್ದವು.

ಈ ವ್ಯವಸ್ಥೆ ಎಂಬತ್ತರ ದಶಕದಲ್ಲಿ ಬದಲಾಗತೊಡಗಿತು. ೧೯೮೭ರಲ್ಲಿ ತೈವಾನಿನಲ್ಲಿ ಸ್ಥಾಪಿತವಾದ ಟಿಎಸ್‌ಎಂಸಿ ಸಂಸ್ಥೆ, ತನ್ನದೆಂಬ ಚಿಪ್ಪನ್ನು ಮಾರದೆ ಪರರ ವಿನ್ಯಾಸಗಳನ್ನು ತಯಾರಿಸಿಕೊಡುವುದನ್ನೇ ಕಸುಬಾಗಿ ಮಾಡಿಕೊಂಡಿತು. ಇಂಥ ಕಾರ್ಖಾನೆಗೆ 'ಫೌಂಡ್ರಿ' ಎಂದು ಹೆಸರು. ೧೯೯೦ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಆರ್ಮ್ ಸಂಸ್ಥೆ, ವಿನ್ಯಾಸದ ಭಾಗಗಳನ್ನು ಪರವಾನಗಿಯ ಮೇಲೆ ಕೊಡುವುದರಿಂದಲೇ ಬೆಳೆಯಿತು. ಇದರ ಪರಿಣಾಮವಾಗಿ ಒಂದು ಚಿಪ್ಪು ಸಿದ್ಧವಾಗುವಷ್ಟರಲ್ಲಿ ಅದರ ವಿನ್ಯಾಸ ಹಲವು ಕೈಗಳನ್ನು ದಾಟುತ್ತದೆ: ಭಾಗಗಳನ್ನು ಒದಗಿಸುವವರು, ಗುತ್ತಿಗೆಯ ಮೇಲೆ ವಿನ್ಯಾಸ ಮಾಡಿಕೊಡುವವರು, ವಿನ್ಯಾಸದ ತಂತ್ರಾಂಶವನ್ನು ಮಾರುವವರು, ಫೌಂಡ್ರಿಯವರು, ಮಾಸ್ಕುಗಳನ್ನು ಮಾಡುವವರು, ಕವಚ ತೊಡಿಸಿ ಪರೀಕ್ಷಿಸುವವರು.

ಹೀಗೆ ದಾಟುವ ಕಡತಗಳು ಒಂದೇ ಬಗೆಯವಲ್ಲ. ಚಿಪ್ಪು ಏನು ಮಾಡಬೇಕೆಂಬುದನ್ನು ಗಣಕಭಾಷೆಯಲ್ಲಿ ವಿವರಿಸುವ ಕಡತ ಒಂದು. ಯಾವ ದ್ವಾರಕ್ಕೆ ಯಾವ ತಂತಿ ಸೇರಬೇಕೆಂಬ ಜೋಡಣೆಯ ಪಟ್ಟಿ ಇನ್ನೊಂದು. ಸಿಲಿಕಾನಿನ ಮೇಲೆ ಪದರ ಪದರವಾಗಿ ಯಾವ ಆಕೃತಿ ಎಲ್ಲಿ ಬರಬೇಕೆಂಬ ನಕ್ಷೆ ಮತ್ತೊಂದು. ಈ ಕೊನೆಯದನ್ನು 'ಜಿಡಿಎಸ್' ಕಡತವೆನ್ನುತ್ತಾರೆ. ಅದು ದೊರೆತವನಿಗೆ ಕಟ್ಟಡದ ಸಂಪೂರ್ಣ ನಕ್ಷೆ ದೊರೆತಂತೆಯೇ ಸರಿ. ಇವಲ್ಲದೆ ಫೌಂಡ್ರಿಯು ತನ್ನ ತಯಾರಿಕೆಯ ನಿಯಮಗಳನ್ನೂ ಅಳತೆಗಳನ್ನೂ ಕೂಡಿಸಿ ವಿನ್ಯಾಸಕಾರರಿಗೆ ಕೊಡುವ 'ಪಿಡಿಕೆ' ಎಂಬ ಕಡತಗಳ ಕಟ್ಟು ಉಂಟು. ಆದ್ದರಿಂದ ಗುಟ್ಟು ಎರಡೂ ಕಡೆಯಿಂದ ಹರಿಯುತ್ತದೆ. ಕೊಡುವವನೂ ಅಂಜಬೇಕು, ಕೊಳ್ಳುವವನೂ ಅಂಜಬೇಕು. ತಾಳೆಗರಿಯನ್ನು ಕದ್ದು ಬರೆಯಲು ವರ್ಷಗಳೇ ಬೇಕಾಗಿದ್ದವು. ಈ ಕಡತಗಳ ಪ್ರತಿಗೆ ಕೆಲವು ನಿಮಿಷಗಳು ಸಾಕು, ಮೂಲ ಇದ್ದಲ್ಲಿಯೇ ಇರುವುದರಿಂದ ಕಳವಾಯಿತೆಂಬುದೇ ತಿಳಿಯದೆ ಹೋಗಬಹುದು.

೪. ಬೆಂಗಳೂರಿನ ಪಾತ್ರ

ಬೆಂಗಳೂರಿಗೆ ಇಲೆಕ್ಟ್ರಾನಿಕ್ಸ್ ಉದ್ಯಮ ಹೊಸದಲ್ಲ. ಜಾಲಹಳ್ಳಿಯ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆ ೧೯೫೪ರಷ್ಟು ಹಿಂದೆಯೇ ಸ್ಥಾಪನೆಯಾಗಿತ್ತು. ಆದರೆ ಕಡತಗಳ ಅಂತರರಾಷ್ಟ್ರೀಯ ಸಂಚಾರದ ದೃಷ್ಟಿಯಿಂದ ೧೯೮೫ನೆಯ ವರ್ಷ ಮಹತ್ತ್ವದ್ದು. ಆ ವರ್ಷ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರವನ್ನು ತೆರೆದು, ಉಪಗ್ರಹ ಸಂಪರ್ಕದ ಮೂಲಕ ಅದನ್ನು ತನ್ನ ವಿದೇಶದ ಕಚೇರಿಗಳೊಡನೆ ಜೋಡಿಸಿತು. ಇಲ್ಲಿ ಮಾಡಿದ ಕೆಲಸ ಹಡಗನ್ನೇರದೆ, ಸುಂಕದ ಕಟ್ಟೆಯನ್ನು ಹಾಯದೆ, ಆಕಾಶಮಾರ್ಗದಲ್ಲಿ ಸಾಗರವನ್ನು ದಾಟತೊಡಗಿತು. ಸರಕು ಎಂದರೆ ತೂಗಿ ಕಟ್ಟುವ ವಸ್ತು ಎಂಬ ಹಳೆಯ ಭಾವನೆ ಇದರಿಂದ ಸಡಿಲವಾಯಿತು.

ಇದು ಒಂದೇ ಸಂಸ್ಥೆಯ ಎರಡು ಕಚೇರಿಗಳ ನಡುವಣ ವ್ಯವಹಾರ. ಮುಂದೆ ಬೆಂಗಳೂರಿನಲ್ಲಿ ಅನ್ಯ ಸಂಸ್ಥೆಗಳಿಗಾಗಿ ಗುತ್ತಿಗೆಯ ಮೇಲೆ ಚಿಪ್ ವಿನ್ಯಾಸ ಮಾಡಿಕೊಡುವ ಸಂಸ್ಥೆಗಳೂ ಬೆಳೆದವು. ಅಂಥ ಒಂದು ಸಂಸ್ಥೆಯಲ್ಲಿ ಪರಸ್ಪರ ಸ್ಪರ್ಧಿಗಳಾದ ಇಬ್ಬರ ಕೆಲಸ ಒಂದೇ ಕಟ್ಟಡದ ಎರಡು ಮಹಡಿಗಳಲ್ಲಿ ನಡೆಯಬಹುದು. ಕನ್ನಡನಾಡಿನ ಇಂಜಿನಿಯರನು ಹೀಗೆ ಈ ಕಥೆಯಲ್ಲಿ ಬಹುಮಟ್ಟಿಗೆ ಲಿಪಿಕಾರನ ಸ್ಥಾನದಲ್ಲಿರುವವನು: ಗ್ರಂಥ ಅವನದಲ್ಲ, ಆದರೆ ಅವನಿಲ್ಲದೆ ಪ್ರತಿಯಾಗದು. ಅವನ ಮೇಲಿನ ನಂಬಿಕೆಯೇ ಅವನ ಜೀವನೋಪಾಯ. ಆ ನಂಬಿಕೆ ಒಮ್ಮೆ ಕೆಟ್ಟರೆ ನಷ್ಟವಾಗುವುದು ಒಬ್ಬನಿಗೆ ಮಾತ್ರವಲ್ಲ, ಅವನ ಹಿಂದೆ ಬರಲಿರುವವರಿಗೂ.

೫. ಸೋರಿಕೆಯ ಎರಡು ಪ್ರಸಂಗಗಳು

ಮೈಕ್ರಾನ್ ಎಂಬ ಅಮೆರಿಕದ ಸಂಸ್ಥೆಯ ತೈವಾನ್ ಶಾಖೆಯಲ್ಲಿದ್ದ ನೌಕರರು ಅಲ್ಲಿಯ ಯುಎಂಸಿ ಸಂಸ್ಥೆಯನ್ನು ಸೇರಿದಾಗ ಮೆಮೊರಿ ಚಿಪ್ಪುಗಳಿಗೆ ಸಂಬಂಧಿಸಿದ ಗೋಪ್ಯ ಕಡತಗಳನ್ನು ಒಯ್ದರೆಂಬ ಆಪಾದನೆ ೨೦೧೮ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಬಂದಿತು. ಯುಎಂಸಿಯು ಆಗ ಚೀನಾದ ಫೂಜಿಯನ್ ಜಿನ್‌ಹುವಾ ಸಂಸ್ಥೆಗಾಗಿ ಅದೇ ಬಗೆಯ ಚಿಪ್ಪುಗಳ ವಿದ್ಯೆಯನ್ನು ಸಿದ್ಧಪಡಿಸುತ್ತಿತ್ತು. ೨೦೨೦ರಲ್ಲಿ ಯುಎಂಸಿಯು ತಪ್ಪನ್ನು ಒಪ್ಪಿಕೊಂಡು ೬ ಕೋಟಿ ಡಾಲರ್ ದಂಡವನ್ನು ತೆತ್ತಿತು. ಜಿನ್‌ಹುವಾ ಸಂಸ್ಥೆಯ ಮೇಲಿನ ಆಪಾದನೆ ಮಾತ್ರ ಸಾಬೀತಾಗದೆ, ೨೦೨೪ರಲ್ಲಿ ಅದು ಖುಲಾಸೆ ಹೊಂದಿತು. ಒಂದೇ ಕಡತಗಳ ಸುತ್ತ ಒಬ್ಬರು ತಪ್ಪೊಪ್ಪಿ, ಇನ್ನೊಬ್ಬರು ಬಿಡುಗಡೆಯಾದುದನ್ನು ನೋಡಿದರೆ, ಕಡತ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ನ್ಯಾಯಾಲಯದಲ್ಲಿ ಸ್ಥಾಪಿಸುವುದು ಎಷ್ಟು ಕಷ್ಟವೆಂಬುದು ವಿದಿತವಾಗುತ್ತದೆ.

ಎರಡನೆಯ ಪ್ರಸಂಗ ೨೦೨೩ರ ಜೂನ್ ತಿಂಗಳಿನದು. ಟಿಎಸ್‌ಎಂಸಿಯಿಂದ ಮಾಹಿತಿಯನ್ನು ಕದ್ದಿರುವುದಾಗಿ ಹೇಳಿಕೊಂಡ ಒಂದು ಗಣಕಚೋರರ ತಂಡ ೭ ಕೋಟಿ ಡಾಲರುಗಳನ್ನು ಕೇಳಿತು. ವಿಚಾರಿಸಲಾಗಿ, ಸೋರಿಕೆಯಾದದ್ದು ಟಿಎಸ್‌ಎಂಸಿಯ ಒಳಗಿನಿಂದಲ್ಲ, ಅದಕ್ಕೆ ಗಣಕ ಸಲಕರಣೆಗಳನ್ನು ಅಣಿಗೊಳಿಸಿಕೊಡುತ್ತಿದ್ದ ಹೊರಗಿನ ಸರಬರಾಜುದಾರರೊಬ್ಬರಿಂದ ಎಂದು ತಿಳಿದುಬಂದಿತು. ತನ್ನ ಗ್ರಾಹಕರ ಮಾಹಿತಿಗೆ ಧಕ್ಕೆಯಿಲ್ಲವೆಂದು ಸಾರಿದ ಸಂಸ್ಥೆ, ಆ ಸರಬರಾಜುದಾರರೊಡನೆ ಮಾಹಿತಿಯ ವಿನಿಮಯವನ್ನು ಕೂಡಲೆ ನಿಲ್ಲಿಸಿತು. ಕೋಟೆಯ ಗೋಡೆ ಎಷ್ಟು ಎತ್ತರವಾದರೇನು, ದಿನವೂ ಒಳಹೊರಗೆ ಓಡಾಡುವವರಿಗಾಗಿ ದಿಡ್ಡಿಬಾಗಿಲು ಇದ್ದೇ ಇರುತ್ತದೆ.

೬. ಕಾನೂನಿನ ಆಸರೆ

ಚಿಪ್ಪಿನ ಆಕೃತಿನಕ್ಷೆಗೆ ನಮ್ಮ ದೇಶದಲ್ಲಿ ಪೇಟೆಂಟ್ ದೊರೆಯುವುದಿಲ್ಲ. ೧೯೭೦ರ ಪೇಟೆಂಟ್ ಅಧಿನಿಯಮಕ್ಕೆ ಮುಂದೆ ಸೇರಿಸಿದ ಒಂದು ಉಪಬಂಧ ಅದನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಏಕೆಂದರೆ ಅದಕ್ಕೆ ಬೇರೆ ಶಾಸನವೇ ಉಂಟು. ಅಮೆರಿಕವು ೧೯೮೪ರಲ್ಲಿ ಇಂಥ ಪ್ರತ್ಯೇಕ ಕಾನೂನನ್ನು ಮಾಡಿತು. ೧೯೯೫ರಲ್ಲಿ ಜಾರಿಗೆ ಬಂದ 'ಟ್ರಿಪ್ಸ್' ಒಪ್ಪಂದವು ಈ ರಕ್ಷಣೆಯನ್ನು ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ರಾಷ್ಟ್ರಗಳ ಕರ್ತವ್ಯವನ್ನಾಗಿ ಮಾಡಿತು. ಅದಕ್ಕನುಸಾರವಾಗಿ ಭಾರತದ ಸಂಸತ್ತು ೨೦೦೦ದಲ್ಲಿ ಅರೆವಾಹಕ ಸಮಗ್ರ ಮಂಡಲಗಳ ವಿನ್ಯಾಸ ಅಧಿನಿಯಮವನ್ನು ಅಂಗೀಕರಿಸಿತು. ಇದರ ಪ್ರಕಾರ ಸ್ವಂತಿಕೆಯುಳ್ಳ ವಿನ್ಯಾಸವನ್ನು ನೋಂದಾಯಿಸಿದವರಿಗೆ ೧೦ ವರ್ಷಗಳ ಹಕ್ಕು ದೊರೆಯುತ್ತದೆ. ಉಲ್ಲಂಘಿಸಿದವರಿಗೆ ೩ ವರ್ಷಗಳವರೆಗೆ ಸೆರೆವಾಸ, ಅಥವಾ ೫೦,೦೦೦ ರೂಪಾಯಿಗಳಿಗೆ ಕಡಮೆಯಿಲ್ಲದಂತೆ ೧೦ ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ವಿಧಿಸಬಹುದಾಗಿದೆ. ಆದರೆ ಸಂಶೋಧನೆ, ವಿಶ್ಲೇಷಣೆ, ಬೋಧನೆ ಇವುಗಳಿಗಾಗಿ ವಿನ್ಯಾಸವನ್ನು ಪ್ರತಿ ಮಾಡಿದರೆ ಅದು ಅಪರಾಧವಲ್ಲವೆಂದು ಇದೇ ಅಧಿನಿಯಮ ಹೇಳುತ್ತದೆ. ಅಧ್ಯಾಪಕರು ಈ ಅಂಶವನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು.

ಈ ಶಾಸನ ಕಾಪಾಡುವುದು ಆಕೃತಿನಕ್ಷೆಯನ್ನು ಮಾತ್ರ. ಫೌಂಡ್ರಿಯ ತಯಾರಿಕೆಯ ಕ್ರಮ, ಪರೀಕ್ಷೆಯ ವಿಧಾನ, ಇನ್ನೂ ಮುಗಿಯದ ವಿನ್ಯಾಸ ಇವು ವ್ಯಾಪಾರರಹಸ್ಯಗಳ ವರ್ಗಕ್ಕೆ ಸೇರುತ್ತವೆ. ಭಾರತದ ಕಾನೂನು ಆಯೋಗವು ೨೦೨೪ರ ಮಾರ್ಚ್ ತಿಂಗಳಲ್ಲಿ ತನ್ನ ೨೮೯ನೆಯ ವರದಿಯನ್ನು ಒಪ್ಪಿಸಿ, ಇವುಗಳಿಗಾಗಿ ಒಂದು ಪ್ರತ್ಯೇಕ ಶಾಸನವನ್ನು ಶಿಫಾರಸು ಮಾಡಿತು. ಅಲ್ಲಿಯವರೆಗೆ ನ್ಯಾಯಾಲಯಗಳು ೧೮೭೨ರ ಕರಾರು ಅಧಿನಿಯಮವನ್ನೂ ನ್ಯಾಯಸಮ್ಮತವಾದ ಸಾಮಾನ್ಯ ತತ್ತ್ವಗಳನ್ನೂ ಆಶ್ರಯಿಸಿ ತೀರ್ಪು ಕೊಡುತ್ತ ಬಂದಿದ್ದವು. ಕರಾರಿನ ಪುಟಗಳಿಗೆ ಅಷ್ಟು ತೂಕ ಬಂದುದು ಇದರಿಂದಲೇ.

ಟ್ರಿಪ್ಸ್ ಒಪ್ಪಂದದ ೩೯ನೆಯ ಅನುಚ್ಛೇದದಲ್ಲಿ ನಮ್ಮ ವಿಷಯದ ತಿರುಳೇ ಅಡಗಿದೆ. ಅದರಂತೆ ಒಂದು ಮಾಹಿತಿ ರಹಸ್ಯವೆನಿಸಿಕೊಳ್ಳಬೇಕಾದರೆ ಮೂರು ಲಕ್ಷಣಗಳಿರಬೇಕು: ಅದು ಸಾಮಾನ್ಯವಾಗಿ ತಿಳಿದಿರಬಾರದು, ಹಾಗೆ ತಿಳಿಯದಿರುವುದರಿಂದಲೇ ಅದಕ್ಕೆ ಬೆಲೆ ಬಂದಿರಬೇಕು, ಅದನ್ನು ಗುಟ್ಟಾಗಿಡಲು ಒಡೆಯನು ಸಮಂಜಸವಾದ ಎಚ್ಚರಿಕೆಯನ್ನು ವಹಿಸಿರಬೇಕು. ಮೂರನೆಯದು ಅತ್ಯಂತ ಮುಖ್ಯ. ಹೊಲಕ್ಕೆ ಬೇಲಿ ಹಾಕದಿದ್ದರೂ ಹೊಲದ ಒಡೆತನ ಹೋಗುವುದಿಲ್ಲ. ರಹಸ್ಯಕ್ಕೆ ಬೇಲಿ ಹಾಕದಿದ್ದರೆ ಒಡೆತನವೇ ಹೋಗುತ್ತದೆ. ಕಡತವನ್ನು ಹೊರಗಿನವರಿಗೆ ಹೇಗೆ ಕೊಟ್ಟೆವೆಂಬುದು ಬರಿಯ ಆಡಳಿತದ ಪ್ರಶ್ನೆಯಲ್ಲ, ಹಕ್ಕಿನ ಅಸ್ತಿತ್ವದ ಪ್ರಶ್ನೆ.

೭. ಕೊಡುವ ಕ್ರಮ

ಅನುಭವದಿಂದ ಉದ್ಯಮವು ಕಂಡುಕೊಂಡಿರುವ ವಿಧಾನಗಳನ್ನು ಐದಾಗಿ ವಿಂಗಡಿಸಬಹುದು.

ಮೊದಲನೆಯದು, ಬೇಕಾದಷ್ಟನ್ನೇ ಕೊಡುವುದು. ಸಿದ್ಧಭಾಗವೊಂದನ್ನು ಒದಗಿಸುವ ಸಂಸ್ಥೆಯು ವಿನ್ಯಾಸಕಾರನಿಗೆ ಆ ಭಾಗದ ಹೊರ ಅಳತೆಯನ್ನೂ ತಂತಿ ಸೇರಿಸತಕ್ಕ ಸ್ಥಾನಗಳನ್ನೂ ಮಾತ್ರ ತಿಳಿಸಿ, ಒಳಗಿನ ನಕ್ಷೆಯನ್ನು ಫೌಂಡ್ರಿಗೆ ನೇರವಾಗಿ ಕೊಡುವುದುಂಟು. ವಿನ್ಯಾಸಕಾರನು ಆ ಜಾಗವನ್ನು ಖಾಲಿ ಬಿಟ್ಟು ತನ್ನ ಕೆಲಸ ಮುಗಿಸುತ್ತಾನೆ. ಫೌಂಡ್ರಿಯಲ್ಲಿ ಎರಡೂ ಕೂಡಿಕೊಳ್ಳುತ್ತವೆ.

ಎರಡನೆಯದು, ಕಡತವನ್ನು ಕಳಿಸದೆ ಕೆಲಸದವನನ್ನೇ ಕಡತದ ಬಳಿಗೆ ಬರಮಾಡಿಕೊಳ್ಳುವುದು. ಕಡತ ಒಡೆಯನ ಗಣಕದಲ್ಲಿಯೇ ಇದ್ದು, ದೂರದ ಇಂಜಿನಿಯರನು ತನ್ನ ತೆರೆಯ ಮೇಲೆ ಅದರ ಚಿತ್ರವನ್ನಷ್ಟೇ ಕಂಡು ಕೆಲಸ ಮಾಡುತ್ತಾನೆ. ಮೂಡುಬಿದಿರೆಯಲ್ಲಿ ವಿಧಿಸಿದ ನಿಯಮವೂ ಇದೇ. ಸಂಜೆ ಮನೆಗೆ ಹೋಗುವವನು ಏನನ್ನು ಒಯ್ಯುತ್ತಾನೆಂದು ನೋಡುವವರು ಅಲ್ಲಿ ಇರಲಿಲ್ಲ.

ಮೂರನೆಯದು, ಗೂಢಲಿಪಿ. ಕೀಲಿಯುಳ್ಳ ತಂತ್ರಾಂಶ ಮಾತ್ರ ಓದಬಲ್ಲಂತೆ ಕಡತವನ್ನು ಮಾರ್ಪಡಿಸಿ ಕೊಡಲಾಗುತ್ತದೆ. ಇದಕ್ಕಾಗಿ ಐಇಇಇ ಸಂಸ್ಥೆ ಗೊತ್ತುಪಡಿಸಿದ ೧೭೩೫ ಎಂಬ ಸಂಖ್ಯೆಯ ಮಾನಕವಿದೆ. ಅದರಲ್ಲಿಯೂ ದೌರ್ಬಲ್ಯಗಳಿವೆಯೆಂದು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೭ರಲ್ಲಿ ತೋರಿಸಿಕೊಟ್ಟರು. ಬೀಗವನ್ನೇ ನಂಬಿ ಕಾವಲನ್ನು ಬಿಡಬಾರದೆಂಬುದಕ್ಕೆ ಇದು ಸಾಕ್ಷಿ.

ನಾಲ್ಕನೆಯದು, ಗುರುತು. ಒಬ್ಬೊಬ್ಬ ಪಾಲುದಾರನಿಗೆ ಕೊಡುವ ಪ್ರತಿಯಲ್ಲಿಯೂ ಕಣ್ಣಿಗೆ ಬೀಳದ ಬೇರೆ ಬೇರೆ ಗುರುತನ್ನು ಹುದುಗಿಸಿದರೆ, ಸೋರಿದ ಪ್ರತಿ ಯಾರದೆಂದು ಪತ್ತೆ ಹಚ್ಚಬಹುದು. ಬೇಲೂರಿನಲ್ಲಿ ರೂವಾರಿಗಳು ತಮ್ಮ ಶಿಲ್ಪಗಳ ಅಡಿಯಲ್ಲಿ ಹೆಸರನ್ನು ಕೆತ್ತಿರುವುದನ್ನು ವಾಚಕರು ಕಂಡಿರಬಹುದು. ಆ ಗುರುತು ಕೀರ್ತಿಗಾಗಿ, ಈ ಗುರುತು ಸಾಕ್ಷ್ಯಕ್ಕಾಗಿ. ಆದರೆ ಕೃತಿ ತನ್ನ ಕರ್ತೃವನ್ನು ಹೇಳಬೇಕೆಂಬ ಆಶಯ ಎರಡಕ್ಕೂ ಸಮಾನ.

ಐದನೆಯದು, ದಾಖಲೆ. ಯಾವ ಕಡತದ ಎಷ್ಟನೆಯ ಆವೃತ್ತಿಯನ್ನು ಯಾರಿಗೆ, ಯಾವ ದಿನ, ಯಾವ ಕಾರ್ಯಕ್ಕಾಗಿ ಕೊಟ್ಟರು, ಅವರು ಅದನ್ನು ಯಾವಾಗ ತೆರೆದರು, ಕೆಲಸ ಮುಗಿದ ಮೇಲೆ ಅಳಿಸಿದರೇ ಎಂಬುದೆಲ್ಲ ಬರೆದಿಟ್ಟಿರಬೇಕು. ಉಳಿದ ನಾಲ್ಕು ವಿಧಾನಗಳು ಸೋಲಬಹುದು. ಸೋತಾಗ ನ್ಯಾಯಾಲಯದ ಮುಂದೆ ನಿಲ್ಲುವುದು ಇದೊಂದೇ. ದಾಖಲೆಗಳ ಮೇಲೆಯೇ ಬದುಕುವ ಇತಿಹಾಸದ ವಿದ್ಯಾರ್ಥಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

೮. ನಮ್ಮ ಕಾಲೇಜುಗಳ ಕರ್ತವ್ಯ

ಈ ಮಾತುಗಳೆಲ್ಲ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಲ್ಲುವವೆಂದು ಭಾವಿಸಬಾರದು. ಕೇಂದ್ರ ಸರ್ಕಾರದ ಯೋಜನೆಯೊಂದರ ಅಂಗವಾಗಿ ಬೆಂಗಳೂರಿನ ಸಿ-ಡ್ಯಾಕ್ ಸಂಸ್ಥೆಯಲ್ಲಿ ಸ್ಥಾಪಿತವಾಗಿರುವ 'ಚಿಪ್‌ಇನ್' ಕೇಂದ್ರವು ದೇಶದ ಹಲವಾರು ಕಾಲೇಜುಗಳಿಗೆ ವಿನ್ಯಾಸದ ತಂತ್ರಾಂಶವನ್ನು ಒದಗಿಸಿ, ವಿದ್ಯಾರ್ಥಿಗಳ ವಿನ್ಯಾಸಗಳನ್ನು ಒಟ್ಟುಗೂಡಿಸಿ ಮೊಹಾಲಿಯ ಅರೆವಾಹಕ ಪ್ರಯೋಗಶಾಲೆಯಲ್ಲಿ ತಯಾರಿಸಲು ಕಳಿಸುವ ಏರ್ಪಾಡನ್ನು ಮಾಡಿದೆ. ಫೌಂಡ್ರಿಯ ಕಡತಗಳನ್ನು ಪಡೆಯುವ ಕಾಲೇಜು ತಾನೇ ಒಬ್ಬ 'ಹೊರಗಿನ ಪಾಲುದಾರ'ನಾಗುತ್ತದೆ. ಪ್ರಯೋಗಶಾಲೆಯ ಗಣಕದಿಂದ ಸ್ನೇಹಿತನಿಗೆಂದು ತೆಗೆದ ಒಂದು ಪ್ರತಿ, ಪ್ರಬಂಧದಲ್ಲಿ ಅಚ್ಚಾದ ಒಂದು ಕೋಷ್ಟಕ ಇಡೀ ಕಾಲೇಜಿನ ಹೆಸರನ್ನು ಕೆಡಿಸಬಲ್ಲದು. ಅದೇ ರೀತಿ ವಿದ್ಯಾರ್ಥಿಯ ಸ್ವಂತ ವಿನ್ಯಾಸವೂ ಸ್ವತ್ತೇ. ಭಾರತದಲ್ಲಾಗಲಿ ಒಪ್ಪಂದಕ್ಕೆ ಸೇರಿದ ದೇಶದಲ್ಲಾಗಲಿ ಅದು ವ್ಯಾಪಾರಕ್ಕೆ ಬಂದು ೨ ವರ್ಷಗಳು ಕಳೆದ ಮೇಲೆ ನೋಂದಣಿಗೆ ಅವಕಾಶವಿಲ್ಲವೆಂಬುದನ್ನು ಅವನಿಗೆ ತಿಳಿಸಿಕೊಡುವವರು ಬೇಕು. ಆದ್ದರಿಂದ ಕರಾರನ್ನು ಓದುವುದನ್ನು ಕಲಿಸುವುದೂ ನಮ್ಮ ಬೋಧನೆಯ ಭಾಗವಾಗಬೇಕು: ಯಾವುದು ರಹಸ್ಯ, ಎಷ್ಟು ಕಾಲ ರಹಸ್ಯ, ನಾನು ಮಾಡಿದುದು ಯಾರದು, ಕೆಲಸ ಬಿಟ್ಟ ಮೇಲೆ ನನ್ನೊಡನೆ ಏನು ಬರಬಹುದು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಾಣದೆ ರುಜು ಹಾಕಕೂಡದು.

೯. ಉಪಸಂಹಾರ

ಮೂಡುಬಿದಿರೆಯ ಎರಡನೆಯ ಅಂಶಕ್ಕೆ ಮರಳೋಣ. ಲಿಪಿಕಾರನು ಮಾತು ಮೀರದಿದ್ದರೆ ಧವಲೆಯ ಪ್ರಕಟಣೆ ಇನ್ನೂ ತಡವಾಗುತ್ತಿತ್ತೇನೋ. ಹಾಗೆಂದ ಮಾತ್ರಕ್ಕೆ ನಂಬಿಕೆದ್ರೋಹ ಸದ್ಗುಣವಾಗದು. ಪ್ರಾಮಾಣಿಕನಾದವನಿಗೆ ದಾರಿಯೇ ಇಲ್ಲದಂತೆ ಜ್ಞಾನವನ್ನು ಎಂದೆಂದಿಗೂ ಮುಚ್ಚಿಡುವ ವ್ಯವಸ್ಥೆ ತಾನೇ ಸೋರಿಕೆಯನ್ನು ಕರೆದುಕೊಳ್ಳುತ್ತದೆ ಎಂಬ ಪಾಠವನ್ನು ಮಾತ್ರ ನಾವು ಕಲಿಯಬಹುದು. ವಿನ್ಯಾಸದ ಹಕ್ಕಿಗೆ ೧೦ ವರ್ಷಗಳ ಎಲ್ಲೆಯನ್ನೂ ಬೋಧನೆಗೆ ವಿನಾಯಿತಿಯನ್ನೂ ಇಟ್ಟ ಶಾಸನಕಾರರು ಈ ವಿವೇಕವನ್ನು ತೋರಿದ್ದಾರೆ. ೨೦೨೦ರಲ್ಲಿ ಸ್ಕೈವಾಟರ್ ಎಂಬ ಅಮೆರಿಕದ ಫೌಂಡ್ರಿಯು ಗೂಗಲ್ ಸಂಸ್ಥೆಯೊಡನೆ ಕೂಡಿ ತನ್ನ ೧೩೦ ನ್ಯಾನೊಮೀಟರ್ ತಯಾರಿಕೆಯ ಪಿಡಿಕೆಯನ್ನು ಯಾರು ಬೇಕಾದರೂ ಬಳಸುವಂತೆ ತೆರೆದಿಟ್ಟಿತು. ರಹಸ್ಯಪಾಲನೆಯ ರುಜುವಿಲ್ಲದೆ ಚಿಪ್ ವಿನ್ಯಾಸವನ್ನು ಕಲಿಯಲು ಇದರಿಂದ ವಿದ್ಯಾರ್ಥಿಗಳಿಗೆ ಒಂದು ದಾರಿಯಾಯಿತು.

ಕೊಡಬೇಕಾದುದನ್ನು ಅರಿತು ಕೊಡುವುದು, ಕೊಟ್ಟುದನ್ನು ಬರೆದಿಡುವುದು, ಪಡೆದುದನ್ನು ಮಾತಿಗೆ ತಪ್ಪದೆ ಕಾಯುವುದು, ಕಾಲ ಬಂದಾಗ ತೆರೆದಿಡುವುದು: ಗ್ರಂಥಭಂಡಾರಕ್ಕೂ ಚಿಪ್ಪಿನ ಕಾರ್ಖಾನೆಗೂ ಒಪ್ಪುವ ಧರ್ಮ ಇದು. ಮುಂದಿನ ಬಾರಿ ನೆರೆಮನೆಯ ಹುಡುಗನು ಊರಿಗೆ ಬಂದಾಗ ಆ ಒಪ್ಪಂದದ ಪ್ರತಿಯನ್ನು ತರಲು ಹೇಳಿದ್ದೇನೆ. ಅದನ್ನು ತೋರಿಸುವುದಕ್ಕೆ ಒಪ್ಪಂದದಲ್ಲಿ ಅವಕಾಶವಿದೆಯೇ ಎಂಬುದನ್ನು ಓದಿಕೊಂಡು ಬರಬೇಕೆಂದೂ ಹೇಳಿದ್ದೇನೆ.